ಮೆಣಸಿನಂಗಳದ ಬಂಗಾಳಿ ಚುಕ್ಕಿ

ಈ ಸಂಗತಿ ನಡೆದಾಗ ನನಗೆ ಅರವತ್ತೊಂಬತ್ತು. ಅದಾಗಿ ನಾಲ್ಕು ವರ್ಷ. ಅಷ್ಟು ಬಾಳಿದ ಮೇಲೆ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ: ನನ್ನ ಮೈದುನನಷ್ಟು ಬುದ್ಧಿವಂತ ಪುಲ್ಪಳ್ಳಿಯಲ್ಲಿ ಇನ್ನೊಬ್ಬನಿಲ್ಲ. ಇನ್ನೊಬ್ಬನಿದ್ದಿದ್ದರೆ ಊರು ಉಳಿಯುತ್ತಿರಲಿಲ್ಲ.

ಪೇಟೆಯಲ್ಲಿ ಅವನದೊಂದು ಫ್ಲೆಕ್ಸ್ ಅಂಗಡಿ. ಮದುವೆ, ಮರಣ, ಚುನಾವಣೆ, ಏನೇ ಇರಲಿ ಅಚ್ಚು ಹಾಕಿಕೊಡುತ್ತಾನೆ. ತಪ್ಪಾಗಿ ಅಚ್ಚಾದವು ನನ್ನ ಅಂಗಳಕ್ಕೆ ಬರುತ್ತವೆ; ನಮ್ಮ ಕಡೆ ಕಾಳುಮೆಣಸು ಒಣಗುವುದೇ ಹಳೆ ಫ್ಲೆಕ್ಸಿನ ಮೇಲೆ. ಅವನ ಕೈಚಳಕದ ದೆಸೆಯಿಂದ ನನ್ನ ಮೆಣಸಿಗೆ ಯಾವತ್ತೂ ಹಾಸಿನ ಕೊರತೆಯಾಗಿಲ್ಲ. ಎಷ್ಟು ಅಭ್ಯರ್ಥಿಗಳ ಮೂತಿಯ ಮೇಲೆ ಮೆಣಸು ಹರಡಿದ್ದೇನೋ!

ಆ ವರ್ಷ ನಮ್ಮ ಮೆಣಸು ಕೊಯ್ಯಲು ಬಂದ ಬಂಗಾಳದವನೊಬ್ಬ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡು ನಮ್ಮ ಮನೆಯಲ್ಲೇ ಮಲಗಿದ. ಸುದ್ದಿ ಕೇಳಿ ಅವನ ಹೆಂಡತಿ ಛಾಯಾ ಊರಿಂದ ಹೊರಟಳು. ಕೈಯಲ್ಲಿ ಫೋನಿಲ್ಲ, ಬಂಗಾಳಿ ಬಿಟ್ಟು ಬೇರೆ ಭಾಷೆಯಿಲ್ಲ. ಕೋಯಿಕ್ಕೋಡಿನಲ್ಲಿ ಬಸ್ಸು ಹತ್ತಿಸುವವರಿದ್ದರು; ಇಳಿಸುವವರು ಯಾರು? ಇಲ್ಲಿ ಇಳಿಯದಿದ್ದರೆ ಬಸ್ಸು ಕೊನೆಯ ನಿಲ್ದಾಣ ಮರಕ್ಕಡವಿಗೆ. ಅಲ್ಲಿಂದಾಚೆ ಹೊಳೆ.

"ಅವಳ ಹೆಸರು ಬಂಗಾಳಿಯಲ್ಲೇ ಅಚ್ಚು ಹಾಕಿ ಹಿಡ್ಕೊಂಡು ನಿಲ್ತೀನಿ," ಎಂದ ಮೈದುನ. ಬಂಗಾಳಿಯ ಒಂದಕ್ಷರ ಬಾರದವನು.

ಛಾಯಾಳ ಗಂಡ ತನ್ನ ಫೋನಿನಲ್ಲಿ ಹೆಸರು ಬರೆದುಕೊಟ್ಟ. ಅಲ್ಲಿ ನೆಟ್ಟಗಿತ್ತು. ಮೈದುನನ ಯಂತ್ರಕ್ಕೆ ಹೋದದ್ದೇ ತಡ, ಬಂಗಾಳಿ 'ಯ'ದ ಕೆಳಗಿನ ಚುಕ್ಕಿ ಕಳಚಿ, ಪಕ್ಕದಲ್ಲೊಂದು ಖಾಲಿ ಚೌಕ ಬಂದು ಕೂತಿತು. ಗಂಡ ಮಲಗಿದಲ್ಲಿಂದಲೇ ಅಡ್ಡಡ್ಡ ತಲೆಯಾಡಿಸಿ, ಇಲ್ಲಿ ಕಲಿತ ಬೆರಕೆ ಮಾತಿನಲ್ಲಿ ಮೈದುನನಿಗೆ ಹೇಳಿದ.

"ಶರಿಯಾಯಿಲ್ಲ ಚೇಟ್ಟಾ. ಚುಕ್ಕಿ ಹೋದ್ರೆ ಛಾಜಾ. ಅದ್ ನನ್ ಹೆಂಡ್ತಿ ಅಲ್ಲ."

ಮೈದುನ ನನಗೆ ಪಾಠ ಶುರುಮಾಡಿದ. "ಅತ್ತಿಗೇ, ಕಂಪ್ಯೂಟರೊಳಗೆ ಅಕ್ಷರ ಇರಲ್ಲ, ನಂಬರ್ ಇರೋದು. ಈ ಅಕ್ಷರಕ್ಕೆ ಎರಡು ದಾರಿ. ಚುಕ್ಕಿ ಸೇರಿಸಿ ಒಂದೇ ನಂಬರ್; ಇಲ್ಲಾಂದ್ರೆ ಅಕ್ಷರಕ್ಕೊಂದು, ಚುಕ್ಕಿಗೊಂದು. ಕಣ್ಣಿಗೆ ಎರಡೂ ಒಂದೇ. ಫೋನು ಜೋಡಿ ಕಳಿಸ್ತದೆ. ನನ್ನ ಯಂತ್ರಕ್ಕೆ ಜೋಡಿ ಕೂಡ್ಸಕ್ಕೆ ಬರಲ್ಲ."

"ಯಂತ್ರಾನೂ ಅದರ ಒಡೆಯನ ಹಾಗೇ," ಎಂದೆ. ಅವನಿಗೆ ಮದುವೆಯಾಗಿಲ್ಲ.

"ಪೆನ್ನಲ್ಲಿ ಒಂದು ಚುಕ್ಕಿ ಇಟ್ಟುಬಿಡೋ," ಎಂದೂ ಹೇಳಿದೆ.

"ನೊಣ ಕೂತಂಗೆ ಕಾಣ್ತದೆ. ಅಷ್ಟು ದೂರದಿಂದ ಬರೋಳು ನೊಣ ಓದ್ಬೇಕಾ?"

ಹೀಗೆ ಒಂದರ ಮೇಲೊಂದು ಅಚ್ಚು ಹಾಕಿದ. ನನ್ನ ಅಂಗಳವೆಲ್ಲ ಛಾಜಾಮಯ. ಕೊನೆಗೆ ಆ ಒಂಟಿ ನಂಬರ್ ಹುಡುಕಿ ಒತ್ತಿದನಂತೆ. ಚುಕ್ಕಿ ತೆಪ್ಪಗೆ ತನ್ನ ಜಾಗಕ್ಕೆ ಬಂತಂತೆ. ಆ ಫ್ಲೆಕ್ಸನ್ನು ನಮ್ಮ ಜಗಲಿಯ ಮೇಲಿಟ್ಟು ಸ್ನಾನಕ್ಕೆ ಹೋದ. ಜಗಲಿಗೆ ಬಂದ ಫ್ಲೆಕ್ಸನ್ನು ನಾನು ಪೂಜೆ ಮಾಡುತ್ತೇನೆಯೇ? ಹರಡಿದೆ, ಮೆಣಸು ಸುರಿದೆ.

ಬಸ್ಸಿನ ಹೊತ್ತಾಯಿತು. ತಲೆ ಒರೆಸುತ್ತ ಬಂದವನು ಅಂಗಳ ನೋಡಿ ಬಿಳಿಚಿಕೊಂಡ.

"ಅತ್ತಿಗೇ, ಸರಿಯಾದ್ದು ಯಾವ್ದು?"

"ನನ್ನ ಕೇಳ್ತೀಯಾ? ನನಗೆ ಎಲ್ಲ ಸರಿಯಾಗೇ ಕಾಣ್ತದೆ."

ಮಂಡಿಯೂರಿ, ಎರಡೂ ಕೈಯಿಂದ ಮೆಣಸು ಬದಿಗೆ ತಳ್ಳುತ್ತ, ಒಂದೊಂದು ಹೆಸರಿನ ಕೆಳಗೂ ಚುಕ್ಕಿ ಹುಡುಕಿದ. ನಾನೂ ಮಂಡಿಯೂರಿದೆ. ಚೆಲ್ಲುತ್ತಿದ್ದುದು ನನ್ನ ಮೆಣಸು ತಾನೆ.

ಸಿಕ್ಕಿತು. ಓಡಿದ. ಹಿಂದಿನಿಂದ ನಾನೂ. ಬಸ್ಸು ಬಂದಾಗ ಅವನು ಫ್ಲೆಕ್ಸನ್ನು ತಲೆಯ ಮೇಲೆತ್ತಿ ನಿಂತಿದ್ದ. ಒದ್ದೆ ಕೂದಲ ಮೇಲೆ ಮೆಣಸಿನ ಕಾಳು ಉದುರುತ್ತಿತ್ತು. ಇಳಿಯುವವರು ಇಳಿದರು. ಅವಳಿಲ್ಲ. ಬಸ್ಸು ಹೊರಟಿತು. ಆಗ ಒಳಗಿಂದ ಒಂದು ಕೂಗು, ಬ್ರೇಕು. ಸಣ್ಣ ಗಂಟು ಹಿಡಿದ ಹೆಂಗಸೊಬ್ಬಳು ಇಳಿದು ನೇರ ಬಂದು ಫ್ಲೆಕ್ಸಿನ ಅಂಚು ಹಿಡಿದಳು. ಮನೆ ತಲುಪುವ ತನಕ ಬಿಡಲಿಲ್ಲ. ಮೈದುನ ಇನ್ನೊಂದು ಅಂಚು ಹಿಡಿದು, ಅವಳ ಹೆಜ್ಜೆಗೆ ಹೆಜ್ಜೆ ಹಾಕುತ್ತ ನಡೆದ.

ಮರುದಿನ ಬೆಳಿಗ್ಗೆ, ಅವಳು ಏಳುವ ಮೊದಲು, ಅಂಗಳದಲ್ಲಿದ್ದ ಅವಳ ಹೆಸರನ್ನೆಲ್ಲ, ಚುಕ್ಕಿ ಇಲ್ಲದವನ್ನೂ, ಸುತ್ತಿ ಅಟ್ಟಕ್ಕೆ ಹಾಕಿದೆ. ಅತ್ತೆಯ ಕಾಲದ ಬಿದಿರ ಚಾಪೆ ಇಳಿಸಿ ಕೊಡವಿ, ಮೆಣಸನ್ನು ಅದರ ಮೇಲೆ ಹರಡಿದೆ.