ಅತ್ತೆಯವರ ಬಾಣಲೆಯಲ್ಲಿ ಬಬಲ್ ಗಮ್ಮು

ಗೊತ್ತಿರುವುದನ್ನು ಹೇಳದೆ ಬಾಯಿ ಮುಚ್ಚಿಕೊಂಡಿರುವುದು ನನ್ನಿಂದಾಗದ ಕೆಲಸ. ಅರ್ಧ ಗೊತ್ತಿದ್ದರಂತೂ ಹುರುಪು ಇನ್ನೂ ಹೆಚ್ಚು. ಬಬಲ್ ಗಮ್ಮಿನ ಚರಿತ್ರೆ ನನಗೆ ಗೊತ್ತಿದ್ದದ್ದೂ ಅರ್ಧವೇ. ಆಗ ರಾಜ್ಯ ಒಂದಾದ ಹೊಸತು. ಮುಂಬೈ ಕಚೇರಿಯಿಂದ ಗದಗಿಗೆ ವರ್ಗವಾಗಿ ಬಂದ ಗೆಳೆಯನೊಬ್ಬ, ಬಂದರಿನಲ್ಲಿ ಸಿಕ್ಕಿತೆಂದು ಒಂದು ಡಬ್ಬಿ ಗುಲಾಬಿ ತುಂಡುಗಳನ್ನು ನನಗೆ ಕೊಟ್ಟು, ಅದರ ಕಥೆಯನ್ನೂ ಹೇಳಿದ. ಅಮೆರಿಕದವರು ಮೊದಲು ಮರದ ಅಂಟನ್ನು ಅಗಿಯುತ್ತಿದ್ದರಂತೆ. ಆಮೇಲೆ ಕಂಪನಿಯ ಲೆಕ್ಕ ಬರೆಯುವವನೊಬ್ಬ ಬಿಡುವಿನಲ್ಲಿ ಏನೇನೋ ಕಲಸಿ, ಊದಿದರೆ ಉಬ್ಬುವಂಥದ್ದನ್ನು ಮಾಡಿದನಂತೆ. ಕೈಗೆ ಸಿಕ್ಕ ಬಣ್ಣ ಗುಲಾಬಿಯೊಂದೇ ಆದ್ದರಿಂದ ಅದಕ್ಕೆ ಆ ಬಣ್ಣವೇ ಕಾಯಂ ಆಯಿತಂತೆ. ಗುಮಾಸ್ತನಾದ ನನಗೆ ಇದನ್ನು ಕೇಳಿ ನಮ್ಮವನೊಬ್ಬ ಗೆದ್ದಷ್ಟು ಹೆಮ್ಮೆಯಾಯಿತು.

ಡಬ್ಬಿ ಹಿಡಿದು ಶಿರಹಟ್ಟಿಗೆ ಹೊರಟೆ. ಹೆಂಡತಿ ಬಾಣಂತಿ, ಅಲ್ಲಿ ತವರಿನಲ್ಲಿದ್ದಳು. ಮಗಳ ಮುಖ ನೋಡಿ ಬಂದಾಗಿನಿಂದ ಗದಗಿನ ಮನೆ ನನಗೆ ಬಿಕೋ ಎನ್ನುತ್ತಿತ್ತು. ಅತ್ತೆಯವರನ್ನು ಹೇಗಾದರೂ ಒಪ್ಪಿಸಿ ಇಬ್ಬರನ್ನೂ ಬೇಗ ಕರೆತರಬೇಕು. ಒಪ್ಪಿಸಲು ನನ್ನ ಹತ್ತಿರ ಇದ್ದದ್ದು ಮಾತೊಂದೇ. ಬಸ್ಸಿನುದ್ದಕ್ಕೂ ಭಾಷಣ ಹೊಂದಿಸಿಕೊಂಡೆ. ಮನೆ ಮುಟ್ಟಿದವನೇ ಪೀಠಿಕೆಗೆಂದು ಡಬ್ಬಿ ತೆರೆದಿಟ್ಟು ಚರಿತ್ರೆ ಶುರು ಮಾಡಿದೆ.

"ಮರದ ಅಂಟ ಏನ್ರಿ ಇದು?" ಎಂದರು ಅತ್ತೆ.

"ಹೌದ್ರಿ. ಭಾಳ ಉಬ್ಬತೈತಿ."

ಉಬ್ಬುವ ಅಂಟನ್ನು ಏನು ಮಾಡಬೇಕೆಂದು ನಮ್ಮ ಕಡೆಯ ಹೆಂಗಸರಿಗೆ ಹೇಳಿಕೊಡಬೇಕಿಲ್ಲ. ತುಪ್ಪದಲ್ಲಿ ಕರಿದು ಅರಳಿಸಿ, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ ಕೂಡಿಸಿ ಬಾಣಂತಿಗೆ ಉಂಡಿ ಕಟ್ಟಬೇಕು. ಊಟ ಮಾಡಿ ಅಡ್ಡಾದ ನಾನು ಏಳುವಷ್ಟರಲ್ಲಿ ಅಡುಗೆಮನೆಯಿಂದ ಅತ್ತರಿನಂಥ ವಾಸನೆ ಬರುತ್ತಿತ್ತು. ಅಮೆರಿಕದ ಅಂಟು ಅರಳದೆ ಕರಗಿಬಿಟ್ಟಿತ್ತು. ಕೊಬ್ಬರಿ, ಉತ್ತತ್ತಿ, ಬಾಣಲೆ, ಸೌಟು ಎಲ್ಲವೂ ಏಕೀಕರಣಗೊಂಡಿದ್ದವು. ನಾಡಿನ ಏಕೀಕರಣಕ್ಕೆ ಹಿಡಿದಷ್ಟು ಹೊತ್ತು ಇದಕ್ಕೆ ಬೇಕಾಗಲಿಲ್ಲ. ಅತ್ತೆಯವರು ಅದರಲ್ಲೇ ಒಂದಿಷ್ಟು ಕಿತ್ತು ಉಂಡಿ ಕಟ್ಟಿ ನನ್ನ ಮುಂದಿಟ್ಟರು.

"ಮಗಳಿಗೆ ನಮ್ಮ ಅಂಟಿನ ಉಂಡಿ ಬ್ಯಾರೆ ಮಾಡೀನ್ರಿ. ಇದು ನೀವು ತಂದದ್ದು, ಮೊದಲ ನೀವ ರುಚಿ ನೋಡ್ರಿ."

ಅತ್ತೆ ಬಡಿಸಿದ್ದನ್ನು ಅಳಿಯ ಒಲ್ಲೆ ಎನ್ನುವಂತಿಲ್ಲ, ಅವರೆದುರು ಉಗುಳುವಂತೆಯೂ ಇಲ್ಲ. ಕಚ್ಚಿದೆ. ಮೇಲಿನ ಹಲ್ಲು ಕೆಳಗಿನ ಹಲ್ಲನ್ನು ಹಿಡಿದುಕೊಂಡಿತು. ಸರಿಯಾಗಿ ಆಗಲೇ ಅವರು ಮಾತು ತೆಗೆದರು.

"ಕೂಸು ಇನ್ನೂ ಸಣ್ಣದೈತ್ರಿ. ಇನ್ನೆರಡು ತಿಂಗಳು ಇಬ್ಬರೂ ಇಲ್ಲೇ ಇರಲಿ ಅಂತೀನಿ. ನೀವೇನಂತೀರಿ?"

ನನ್ನ ಇಡೀ ಭಾಷಣ ಗಂಟಲಿಗೆ ಬಂದು ನಿಂತಿತು. ದವಡೆ ಮಾತ್ರ ಬಿಡಲಿಲ್ಲ. ನಿಜವಾಗಿ ಕಣ್ಣಲ್ಲಿ ನೀರು ಬಂತು.

"ಅಳಿಯಂದ್ರು ಒಲ್ಲೆ ಅನಲಿಲ್ಲ ನೋಡವಾ," ಎಂದರು ಅತ್ತೆ, ಬಾಣಂತಿಯ ಕೋಣೆಯ ಕಡೆ ತಿರುಗಿ.

ಒಳಗಿನಿಂದ ಹೆಂಡತಿಯ ದನಿ ಬಂತು: "ಯವ್ವಾ, ಇವರು ಇಷ್ಟೊತ್ತು ಸುಮ್ಮನ ಕುಂತದ್ದು ನಾ ಕಂಡೇ ಇಲ್ಲ. ಇನ್ನೊಂದು ಉಂಡಿ ಹಾಕು."

ಮರಳಿ ಗದಗಿನ ಬಸ್ಸು ಹತ್ತಿದ ಮೇಲೆ ದವಡೆ ಸಡಿಲಾಯಿತು. ಹೊಂದಿಸಿಟ್ಟ ಭಾಷಣವನ್ನು ಪಕ್ಕದಲ್ಲಿ ಕೂತ ಸೊರಟೂರಿನ ರೈತರೊಬ್ಬರಿಗೆ ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದೆ. "ಖರೆ ಐತ್ರಿ," ಎಂದರು ಅವರು. "ಜಲ್ದಿ ಕರ್ಕೊಂಡು ಬರ್ರಿ."