ಅಪ್ಪಣ್ಣನ ಹೆಸರು ನುಂಗಿದ ಸ್ಕ್ರಿಪ್ಟು

ಕೆಲಸಕ್ಕಿಂತ ಮುಂಚೆ ಬಂದು 'ತಯಾರಿ' ಮಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಲೋಕಾಪುರದ ನಮ್ಮ ನಾದಿನಿ ಹಬ್ಬಕ್ಕೆ ಬಂದರೆ ಎಲ್ಲರಿಗಿಂತ ಮೊದಲು ಅಡುಗೆಮನೆ ಹೊಕ್ಕು, ಹದ ನೋಡುತ್ತೇನೆಂದು ಮೊದಲ ಹೋಳಿಗೆ ತಾನೇ ತಿಂದು, "ಎಲ್ಲಾ ಛಲೋ ಆಗ್ಯಾವು" ಎಂದು ಪಡಸಾಲೆಗೆ ಕೇಳುವಂತೆ ಸಾರುತ್ತಾಳೆ. ಎಣಿಸಿ ಮಾಡಿದ ಹೋಳಿಗೆ. ಕಡೆಗೆ ಕಡಿಮೆ ಬೀಳುವುದು ನನ್ನ ತಾಟಿನಲ್ಲಿ. ಇಂಥದೇ ಒಂದು ನಾದಿನಿ ಆಫೀಸಿನ ಕಂಪ್ಯೂಟರಿನೊಳಗೂ ಕೂತಿದ್ದೀತೆಂದು ನಾನು ಎಣಿಸಿರಲಿಲ್ಲ.

ಬನಹಟ್ಟಿಯ ನೇಕಾರರ ಸಂಘವೊಂದರಲ್ಲಿ ಪಾಳಿ ಬರೆಯುವುದು ನನ್ನ ಕೆಲಸ. ಮಗ್ಗಕ್ಕೆ ನೂಲು ಸುತ್ತಿದ ಉರುಳೆ, ಅಂದರೆ ಬೀಮು, ಬೇಕಾದವರು ಬೆಳಿಗ್ಗೆ ಬಂದು ಹೆಸರು ಹೇಳಬೇಕು. ಬಂದ ಕ್ರಮದಲ್ಲೇ ಬೀಮು. ಇಪ್ಪತ್ತು ವರ್ಷ ವಹಿಯಲ್ಲಿ ಬರೆದೆ, ಒಂದು ಹೆಸರು ತಪ್ಪಲಿಲ್ಲ. ಆಮೇಲೆ ಮುಧೋಳದ ಕಂಪ್ಯೂಟರ್ ಮಾಸ್ತರರು ಬಂದು ಪ್ರೋಗ್ರಾಂ ಒಂದನ್ನು ಕೂಡಿಸಿಕೊಟ್ಟರು. ನಾನು ಹೆಸರು ಟೈಪ್ ಮಾಡಬೇಕು, ಅದು ನಂಬರು ಹಾಕಿ ಮುದ್ರಿಸಬೇಕು. ಇಷ್ಟಕ್ಕೆ ಅಷ್ಟು ದೊಡ್ಡ ಪೆಟ್ಟಿಗೆ! ಹಾಳೆಯಲ್ಲಿ ಹೆಸರಿಲ್ಲದವರಿಗೆ ಬೀಮು ಕೊಡಕೂಡದೆಂದು ಅಧ್ಯಕ್ಷರ ಅಪ್ಪಣೆ ಬೇರೆ.

ಪ್ರೋಗ್ರಾಂ ಶುರುವಾದ ಮೊದಲ ಮೂರು ದಿನವೂ ಚಿಮ್ಮಡದ ಅಪ್ಪಣ್ಣ ಮೊದಲ ಬಸ್ಸಿಗೇ ಬಂದು ಎಲ್ಲರಿಗಿಂತ ಮೊದಲು ಹೆಸರು ಬರೆಸಿದ. ಮೂರೂ ದಿನ ಹಾಳೆಯಲ್ಲಿ ಅವನಿಲ್ಲ. ಒಂದನೇ ನಂಬರಿನಲ್ಲಿ 'ಎಲ್ಲವೂ ಸರಿಯಾಗಿದೆ' ಎಂದಿತ್ತು. ನಾನು ಎಣಿಸಿದ್ದೆ: ಬಂದವರು ಹದಿನೆಂಟು, ಸಾಲುಗಳೂ ಹದಿನೆಂಟು. ಕೂಡಿತಲ್ಲ ಎಂದು ಸುಮ್ಮನಾಗಿದ್ದೆ.

"ಅಕ್ಕಾರ, ಈ 'ಎಲ್ಲವೂ ಸರಿಯಾಗಿದೆ' ಅನ್ನಾಂವ ಯಾವ ಊರಾಂವ್ರಿ? ದಿನಾ ನನಗಿಂತ ಮೊದಲ ಹೆಂಗ ಬರ್ತಾನ?" ಎಂದ ಅಪ್ಪಣ್ಣ. ನಗಲಿಲ್ಲ. "ಎರಡೂ ಮಗ್ಗ ನಿಂತಾವ್ರಿ. ಸೋಮವಾರ ಸೀರಿ ಕೊಡಲಿಲ್ಲಂದ್ರ ವ್ಯಾಪಾರಿ ಬ್ಯಾರೇದವರನ್ನ ನೋಡಕೋತಾನ."

ಮಾಸ್ತರರನ್ನು ಕರೆಸಿದೆ.

"ಖರೇ ಪ್ರೋಗ್ರಾಂಗಿಂತ ಮೊದಲ ಒಂದು ಸಣ್ಣ ಸ್ಕ್ರಿಪ್ಟ್ ಓಡತೈತ್ರಿ. ಕನ್ನಡ ಅಕ್ಷರ ಬರತಾವೋ ಇಲ್ಲೋ ಅಂತ ಒಂದು ಸಾಲು ಓದಿ, 'ಎಲ್ಲವೂ ಸರಿಯಾಗಿದೆ' ಅಂತೈತಿ."

"ಓದಿದ ಸಾಲು ತಿರುಗಿ ಇಡತೈತೇನ್ರಿ?"

"ಇಲ್ರಿ. ಎರಡಕ್ಕೂ ಒಳಗ ಬರೂ ಬಾಗಲಾ ಒಂದ, ಹೊರಗ ಹೋಗೂ ಬಾಗಲಾನೂ ಒಂದ. ಇದು ತಗೊಂಡದ್ದು ಅದಕ್ಕ ಸಿಗೂದಿಲ್ಲ; ಇದು ಅಂದದ್ದೂ ಅದರ ಹಾಳ್ಯಾಗ ಬರತೈತಿ."

"ಅಂದ್ರ ನಮ್ಮ ನಾದಿನಿ!" ಎಂದೆ. ಮಾಸ್ತರರಿಗೆ ತಿಳಿಯಲಿಲ್ಲ. ತಿಳಿಯುವ ಹಾಗೆ ಇನ್ನಷ್ಟು ಅಂದೆ. ಕಲಿತವರು ಇದನ್ನು ಪರೀಕ್ಷೆ ಮಾಡದೆಯೇ ಕೊಟ್ಟಿರಾ ಎಂದು ಕೇಳಿದೆ.

"ನಿಮ್ಮ ವಹಿ ಪುಟಾ ಇದ್ದಂಗ ಟೈಪ್ ಮಾಡೇ ಪರೀಕ್ಷಾ ಮಾಡೇನ್ರಿ. ಆವಾಗ ಒಂದೂ ಹೆಸರು ಹೋಗಿರಲಿಲ್ಲ" ಎಂದು ಅವರು ಹಳೆಯ ವಹಿ ಬಿಚ್ಚಿದರು. ಪುಟಪುಟಕ್ಕೂ ಮೊದಲ ಸಾಲಿನಲ್ಲಿ ನನ್ನದೇ ಅಕ್ಷರ: 'ಶ್ರೀ ಮಲ್ಲಿಕಾರ್ಜುನ ಪ್ರಸನ್ನ'. ಸ್ಕ್ರಿಪ್ಟು ಆಗ ನುಂಗಿದ್ದು ದೇವರನ್ನು. ದೇವರು ಬೀಮು ಕೇಳಿ ಬರಲಿಲ್ಲ.

"ಈ ಸಾಲು ಯಾಕ ಬಿಟ್ರಿ, ಅಕ್ಕಾರ?"

ಯಂತ್ರಕ್ಕೆಂಥ ದೇವರು ಎಂದು ಮೂಗು ಮುರಿದು ಬಿಟ್ಟವಳು ನಾನೇ. ಅದನ್ನು ಹೇಳುವ ಬದಲು ಅಧ್ಯಕ್ಷರ ಕಾಲು ಹಿಡಿದು, ಹಾಳೆಯ ಮೇಲೆ ಕೈಯಿಂದಲೇ ಅಪ್ಪಣ್ಣನ ಹೆಸರು ಬರೆದು ಅವನಿಗೆ ಬೀಮು ಕೊಡಿಸಿದೆ.

ಮರುದಿನ ಪಶ್ಚಾತ್ತಾಪದಿಂದ ಮೊದಲು ಮಲ್ಲಿಕಾರ್ಜುನನನ್ನೇ ಟೈಪ್ ಮಾಡಿದೆ. ಮಾಸ್ತರರು ಹಿಂದಿನ ಸಂಜೆಯೇ ಸ್ಕ್ರಿಪ್ಟನ್ನೇ ಕಿತ್ತುಹಾಕಿ ಹೋಗಿದ್ದರೆಂದು ನನಗೇನು ಗೊತ್ತು? ಎರಡನೇ ಮಗ್ಗದ ಬೀಮಿಗೆ ಬಂದಿದ್ದ ಅಪ್ಪಣ್ಣ ಹಾಳೆ ಓದಿದ: ಒಂದನೇ ನಂಬರು ಮಲ್ಲಿಕಾರ್ಜುನ, ಎರಡನೆಯದು ತಾನು.

"ದೇವರ ಹಿಂದ ನಿಲ್ಲಾಕ ನಂದೇನೂ ತಕರಾರಿಲ್ರಿ, ಅಕ್ಕಾರ. ಅವರ ಬೀಮು ಒಯ್ಯಾಕ ಯಾರು ಬರ್ತಾರ?"

ಸುತ್ತ ನೋಡಿದೆ. ಬೈಯಲು ಸ್ಕ್ರಿಪ್ಟೂ ಇರಲಿಲ್ಲ, ನಾದಿನಿಯೂ ಇರಲಿಲ್ಲ, ನಾನೊಬ್ಬಳೇ ಇದ್ದೆ.