ಖಾಯಂ ಬಡವನ ಜಾಗ ಖಾಲಿ

ಎಲ್ಲ ಅನಾಹುತಕ್ಕೂ ಮೂಲ, ಚಪ್ಪಲಿ ಹೊಲಿಯುವವನು ಉದ್ಧಾರವಾಗಿಬಿಟ್ಟದ್ದು.

ಅವನು ಸಂಘಸಂಸ್ಥೆಗಳ ಒಕ್ಕೂಟದ ಖಾಯಂ ಬಡವ. ಬಡತನ ನಿವಾರಣೆಯ ಬಗ್ಗೆ ಒಕ್ಕೂಟ ಯಾವ ಸಭೆ ಕರೆದರೂ ವೇದಿಕೆಯ ತುದಿಯ ಕುರ್ಚಿ ಅವನಿಗೇ ಮೀಸಲು. ಬರುತ್ತಿದ್ದ, ಕೈ ಮುಗಿಯುತ್ತಿದ್ದ, "ನಿಮ್ಮಂಥೋರು ಇರೋದಕ್ಕೇ ನಮ್ಮಂಥೋರು ಇದ್ದೀವಿ" ಎಂದು ಒಂದೇ ಮಾತಾಡಿ, ಊಟ ಮುಗಿಸಿಕೊಂಡು ಹೋಗುತ್ತಿದ್ದ. ಆ ಮಾತಿನ ಅರ್ಥವೇನೆಂದು ಯಾರೂ ಯೋಚಿಸಿದ್ದಿಲ್ಲ, ಚಪ್ಪಾಳೆ ಮಾತ್ರ ಜೋರಾಗಿ ಬೀಳುತ್ತಿತ್ತು.

ಅವತ್ತು ಬೆಳಿಗ್ಗೆ ಅವನನ್ನು ಕರೆತರಲು ಹೋದ ಜೀಪು ಖಾಲಿ ವಾಪಸು ಬಂತು.

"ಬರಲ್ವಂತೆ ಸಾರ್," ಎಂದ ಡ್ರೈವರು. "ಸ್ವಂತ ಅಂಗಡಿ ಹಾಕಿದಾನೆ. ಗಾಜಿನ ಬಾಗಿಲು ಬೇರೆ. ಇನ್ನು ಬಡವ ಅಂತ ಕೂತ್ಕೊಂಡ್ರೆ ಬೀಗರ ಮುಂದೆ ಮರ್ಯಾದೆ ಹೋಗುತ್ತಂತೆ."

ಅಧ್ಯಕ್ಷರು ತಲೆ ಮೇಲೆ ಕೈ ಹೊತ್ತು ಕೂತರು. ಇಷ್ಟು ವರ್ಷ ಬಡತನ ಹೋಗಲಾಡಿಸಲು ದುಡಿದವರಿಗೆ ಒಬ್ಬನ ಬಡತನ ಹೋಗಿದ್ದು ಇಷ್ಟು ದುಃಖ ತಂದದ್ದು ಇದೇ ಮೊದಲು. ಇನ್ನೇನು ಮೇಡಂ ಬಂದುಬಿಡುತ್ತಾರೆ. ಒಕ್ಕೂಟಕ್ಕೆ ಹಣ ಕೊಡುವ ದೊಡ್ಡ ಸಂಸ್ಥೆಯ ಮೇಡಂ. ಬಡತನ ನಿವಾರಣೆಯಲ್ಲಿ ಯಾವುದಕ್ಕೆ ಮೊದಲ ಆದ್ಯತೆ ಎಂದು ಅವರ ಎದುರಿಗೇ ತೀರ್ಮಾನವಾಗಬೇಕು. "ಬಡವರನ್ನು ಕೇಳದೆ ನಾನು ಯಾವುದಕ್ಕೂ ಸಹಿ ಹಾಕೋದಿಲ್ಲ" ಎಂದು ಮೊದಲೇ ಹೇಳಿ ಕಳಿಸಿದ್ದರು.

ಆ ಹೊತ್ತಿಗೆ ಸರಿಯಾಗಿ ಗುಮಾಸ್ತ ಒಳಗೆ ಬಂದ.

ಆಫೀಸಿನಲ್ಲಿ ಅವನನ್ನು ಎಲ್ಲರೂ ಕರೆಯುವುದು ಟೆಂಪ್ರವರಿ ಎಂದೇ. ಮೂರು ವರ್ಷ ಸೇವೆಯಾದರೆ ಖಾಯಂ ಎನ್ನುವುದು ಒಕ್ಕೂಟದ ನಿಯಮ. ಆ ಮೂರು ವರ್ಷ ಇವತ್ತಿಗೆ ಮುಗಿದಿತ್ತು. ಆದೇಶವನ್ನು ಅವನೇ ಟೈಪು ಮಾಡಿ ಅಧ್ಯಕ್ಷರ ಮೇಜಿನ ಮೇಲಿಟ್ಟಿದ್ದ. ಮೇಡಂ ಸಹಿ ಒಂದು ಬಿದ್ದರೆ ಆಯಿತು. ಅದು ಬಿದ್ದರೆ ಮನೆ. ಅವನು, ಹೆಂಡತಿ, ತಾಯಿ, ಇಬ್ಬರು ಮಕ್ಕಳು ಇದ್ದದ್ದು ಒಂದೇ ಕೋಣೆಯಲ್ಲಿ. ರಾತ್ರಿ ಒಬ್ಬರು ಮಗ್ಗುಲು ಬದಲಿಸಬೇಕಾದರೆ ಉಳಿದ ನಾಲ್ವರ ಒಪ್ಪಿಗೆ ಬೇಕು. ಮಹಡಿ ಮೇಲೆ ಎರಡು ಕೋಣೆಯ ಮನೆ ಖಾಲಿಯಾಗಿತ್ತು. "ಖಾಯಂ ನೌಕರರಿಗೆ ಮಾತ್ರ ಕೊಡೋದು. ಇವತ್ತು ಸಂಜೆವರೆಗೂ ಕಾಯ್ತೀನಿ, ಆಮೇಲೆ ನನ್ನ ಕೇಳ್ಬೇಡಿ" ಎಂದಿದ್ದ ಮನೆ ಮಾಲೀಕ. ಹೆಂಡತಿಯಂತೂ ಆ ಮನೆಯ ಕಿಟಕಿಗೆಂದು ಪರದೆ ಬಟ್ಟೆ ತಂದೇಬಿಟ್ಟಿದ್ದಳು. ಅದರಲ್ಲೇ ಅರ್ಧ ಕತ್ತರಿಸಿ ಗಂಡನಿಗೆ ಇವತ್ತಿಗಾಗಿ ಒಂದು ಅಂಗಿ ಹೊಲಿದಿದ್ದಳು. ನೀಲಿ ಅಂಗಿ, ತುಂಬ ಸಣ್ಣ ಸಣ್ಣ ಬಿಳಿ ಹೂವು. ಅದನ್ನು ತೊಟ್ಟು ಅವನು ಮದುಮಗನಂತೆ ನಗುತ್ತ ನಿಂತಿದ್ದ.

ಅಧ್ಯಕ್ಷರು ಅವನನ್ನು ಮೇಲಿಂದ ಕೆಳಗೆ ನೋಡಿದರು. ಲೆಕ್ಕಪತ್ರದ ಅಕ್ಕ ನೋಡಿದಳು. ಡ್ರೈವರೂ ನೋಡಿದ.

"ಮುಖ ಏನೋ ಪರವಾಗಿಲ್ಲ," ಎಂದಳು ಅಕ್ಕ. "ಕೆನ್ನೆ ಒಳಗೆ ಹೋಗಿದೆ. ಅಂಗಿಯೇ ಕೆಡಿಸ್ತಿರೋದು."

"ಏನಕ್ಕಾ, ಏನಾಯ್ತು?" ಎಂದ ಟೆಂಪ್ರವರಿ.

"ನೀನು ಇವತ್ತು ಒಂದು ಗಳಿಗೆ ಬಡವ ಆಗ್ಬೇಕಯ್ಯಾ," ಎಂದರು ಅಧ್ಯಕ್ಷರು.

"ಆಗೋದೇನು ಬಂತು ಸಾರ್..." ಎಂದು ಅವನು ಶುರು ಮಾಡುವಷ್ಟರಲ್ಲಿ ಅಧ್ಯಕ್ಷರು ಅವನ ಹೆಗಲ ಮೇಲೆ ಕೈ ಹಾಕಿದರು. "ನೋಡು, ಸಭೆ ಸುಸೂತ್ರ ಆದ್ರೆ ಸಂಜೆ ನಿನ್ನ ಆದೇಶಕ್ಕೆ ನಾನೇ ನಿಂತು ಸಹಿ ಹಾಕಿಸ್ತೀನಿ. ಕೆಟ್ಟರೆ ಆಫೀಸೇ ಮುಚ್ಚುತ್ತೆ. ಮಾತಾಡ್ಬೇಡ. ಕೂತ್ಕೋ, ಕೈ ಮುಗಿ, ಎದ್ದು ಬಾ. ಅಷ್ಟೇ."

ಅಷ್ಟೇ ಆಗಲಿಲ್ಲ. ಅಕ್ಕ ಕೂದಲು ಕೆದರಿದಳು. ಡ್ರೈವರು ಜೀಪಿನ ಗ್ರೀಸನ್ನು ಕಾಲರಿಗೆ ಬಳಿದು, ದೂರ ನಿಂತು ನೋಡಿ, ಇನ್ನೊಂದು ಸ್ವಲ್ಪ ಬಳಿದ. "ಚಪ್ಪಲಿ ಬಿಡ್ರೀ" ಎಂದು ಅಕ್ಕ ಅದನ್ನೂ ಕಿತ್ತುಕೊಂಡಳು. ಆಮೇಲೆ ಅವಳ ಕೈಗೆ ಕತ್ತರಿ ಬಂತು.

"ಅಯ್ಯೋ ಬೇಡ ಅಕ್ಕಾ, ನನ್ನ ಹೆಂಡತಿ ಹೊಲಿದಿರೋದು!"

"ತೋಳಿಗೆ ಒಂದೇ ಒಂದು ಚೂರು. ನಿಮ್ಮ ಒಳ್ಳೇದಕ್ಕೇ ರೀ," ಎಂದು ಅಕ್ಕ ಹೆಗಲಿನಿಂದ ಮೊಣಕೈವರೆಗೆ ಸರ್ರನೆ ಸೀಳಿದಳು.

ಸಭಾಂಗಣದಲ್ಲಿ ಅಷ್ಟರಲ್ಲಾಗಲೇ ಜಗಳ ಹತ್ತಿತ್ತು. ನೀರಿನ ಸಂಘದವರು ನೀರೇ ಮೊದಲು ಎಂದರು. ಶಾಲೆಯ ಸಂಘದವರು, ಅಕ್ಷರವಿಲ್ಲದವನು ನೀರು ಕುಡಿದು ಏನು ಮಾಡ್ತಾನೆ ಎಂದರು. ಆರೋಗ್ಯದ ಸಂಘದವರು ಮೇಜು ಗುದ್ದಿದರು. ಗುದ್ದಿದ ಕೈಗೆ ನೋವಾಗಿ ಕೂತರು. ಮೇಡಂ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಕನ್ನಡಕ ಸರಿಪಡಿಸಿಕೊಂಡು, ವೇದಿಕೆಯ ತುದಿಗೆ ತಿರುಗಿದರು.

"ಇವರನ್ನ ಯಾರಾದ್ರೂ ಕೇಳಿದ್ರಾ? ಹೇಳಿ ಅಣ್ಣಾ, ನಿಮಗೆ ಮೊದಲು ಏನು ಬೇಕು?"

ಕೈ ಮುಗಿದು ಸುಮ್ಮನಿರಬೇಕಿತ್ತು. ಟೆಂಪ್ರವರಿ ಕೈಯನ್ನೇನೋ ಮುಗಿದ. ಆದರೆ ಎದುರಿಗೆ ಕಂಡದ್ದು ಮೇಡಂ ಕೈಯಲ್ಲಿದ್ದ ಪೆನ್ನು. ಆ ಪೆನ್ನಿಗಾಗಿ ಮೂರು ವರ್ಷ ಕಾದವನ ಬಾಯಿ ಅವನ ಮಾತು ಕೇಳಲಿಲ್ಲ.

"ಒಂದು ಖಾಯಂ ಕೆಲಸ, ಮೇಡಂ," ಎಂದುಬಿಟ್ಟ. ಎಂದವನು ಅಲ್ಲಿಗೇ ನಿಲ್ಲಿಸಿದನೇ? ಒಂದೇ ಕೋಣೆ, ಮಗ್ಗುಲು ಬದಲಿಸುವ ಕಷ್ಟ, ಸಂಜೆವರೆಗೆ ಕಾಯುವ ಮಾಲೀಕ, ಎಲ್ಲ ಹೇಳಿದ. "ನಾಳೆ ಕೆಲಸ ಇರುತ್ತೆ ಅಂತ ಗೊತ್ತಿದ್ರೆ ಸಾಕು ಮೇಡಂ. ಮಿಕ್ಕಿದ್ದನ್ನ ನಾವೇ ನೋಡ್ಕೋತೀವಿ."

ಆರೋಗ್ಯದ ಸಂಘದವರು ಮೂಗು ಒರೆಸಿಕೊಂಡರು. ಇದು ಯಾರ ಪಟ್ಟಿಯಲ್ಲೂ ಇರಲಿಲ್ಲ. ಮೇಡಂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಇದೇ ಮೊದಲ ಆದ್ಯತೆ! ಬಾಯಿ ಮಾತಲ್ಲ, ಇಲ್ಲಿಂದಲೇ ಶುರುವಾಗ್ಲಿ. ಅಧ್ಯಕ್ಷರೇ, ನಿಮ್ಮ ಆಫೀಸಲ್ಲೇ ಇವರಿಗೆ ಕೆಲಸ ಕೊಡಿ. ಓದು ಬರಹ ಬರುತ್ತಾ ಅಣ್ಣಾ?"

"ಟೈಪಿಂಗೂ ಬರುತ್ತೆ ಮೇಡಂ," ಎಂದ ಟೆಂಪ್ರವರಿ ಹುಮ್ಮಸ್ಸಿನಿಂದ.

"ನೋಡಿದ್ರಾ! ಎಂಥ ಪ್ರತಿಭೆ ಬೀದಿಪಾಲಾಗಿದೆ!"

ಅಧ್ಯಕ್ಷರು ಬೆವರಿದರು. "ಮೇಡಂ, ಗುಮಾಸ್ತನ ಜಾಗ ಇರೋದು ಒಂದೇ. ಅದರಲ್ಲಿ ಒಬ್ಬ ಇದ್ದಾನೆ."

"ಎಲ್ಲಿ, ಕರೀರಿ ಅವರನ್ನ."

ಅಧ್ಯಕ್ಷರು ಅಕ್ಕನ ಮುಖ ನೋಡಿದರು. ಅಕ್ಕ ಸೂರು ನೋಡಿದಳು.

"ಇವತ್ತು... ಬಂದಿಲ್ಲ ಮೇಡಂ."

"ಇಷ್ಟು ದೊಡ್ಡ ಸಭೆ ಇರೋ ದಿನ ಗುಮಾಸ್ತ ಬಂದಿಲ್ವಾ? ರಜೆ ಕೇಳಿದ್ರಾ?"

"ಇಲ್ಲ ಮೇಡಂ," ಎಂದರು ಅಧ್ಯಕ್ಷರು. ಅದಂತೂ ಸತ್ಯವೇ.

"ಹಾಗಾದ್ರೆ ಅಂಥೋರನ್ನ ಇಟ್ಕೊಂಡು ಏನು ಮಾಡ್ತೀರಿ? ತೆಗೆದುಹಾಕಿ! ಆ ಜಾಗ ಇವರಿಗೆ ಕೊಡಿ. ಎರಡೂ ಕಾಗದಕ್ಕೆ ಇವತ್ತೇ ಸಹಿ ಹಾಕಿ ಹೋಗ್ತೀನಿ."

ಸಭೆಗೆ ಸಭೆಯೇ ಎದ್ದು ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಲೆಕ್ಕಪತ್ರದ ಅಕ್ಕ. "ಮೇಡಂ, ಆ ಗುಮಾಸ್ತ..." ಎಂದು ಟೆಂಪ್ರವರಿ ಬಾಯಿ ತೆರೆದ. ಅಧ್ಯಕ್ಷರ ಬೂಟು ಅವನ ಬರಿಗಾಲಿನ ಮೇಲೆ ಭದ್ರವಾಗಿ ಕೂತಿತು. ಅವನ ಕಣ್ಣಲ್ಲಿ ನೀರು ಬಂತು. "ಆನಂದಬಾಷ್ಪ," ಎಂದರು ಮೇಡಂ, ಮೆತ್ತಗೆ.

ಎರಡೂ ಕಾಗದ ಟೈಪು ಮಾಡಲು ಆಫೀಸಿನಲ್ಲಿ ಬೇರೆ ಯಾರಿದ್ದರು? ಅವನೇ ಕೂತ. ಹೇಳದೆ ಕೇಳದೆ ಗೈರುಹಾಜರಾದ ಬೇಜವಾಬ್ದಾರಿ ಗುಮಾಸ್ತನನ್ನು ವಜಾ ಮಾಡುವ ಆದೇಶ ಒಂದೂ ತಪ್ಪಿಲ್ಲದೆ ಬಂತು. ಹೊಸಬನ ನೇಮಕದ ಆದೇಶದಲ್ಲಿ ಒಂದು ತಪ್ಪಾಯಿತು. "ಇರ್ಲಿ ಬಿಡಿ, ಮೊದಲ ದಿನ ಅಲ್ವಾ, ಕಲೀತಾರೆ," ಎಂದರು ಮೇಡಂ.

ಸಹಿ ಹಾಕಲು ಹೋದವರು ತಡೆದರು. "ಇದೇನು, ಇಬ್ಬರಿಗೂ ಒಂದೇ ಹೆಸರು?"

"ಈ ಕಡೆ ಆ ಹೆಸರು ಬಹಳ ಮೇಡಂ," ಎಂದ ಡ್ರೈವರು. "ಕೂಗಿದ್ರೆ ಬೀದಿಗೆ ಬೀದಿಯೇ ತಿರುಗಿ ನೋಡುತ್ತೆ."

ಮೇಡಂ ಕಾರು ಮರೆಯಾದ ಮೇಲೆ ಟೆಂಪ್ರವರಿ ಅಧ್ಯಕ್ಷರ ಮುಂದೆ ನಿಂತ. "ಸಾರ್, ನನ್ನ ಖಾಯಂ ಆದೇಶ?"

"ಅದು ಹಳೇ ಗುಮಾಸ್ತಂದಲ್ವೇನಯ್ಯಾ? ಅವನನ್ನ ತೆಗೆದುಹಾಕಿಯಾಯ್ತಲ್ಲ."

"ಹಾಗಾದ್ರೆ ಹೊಸಬನ್ನ ಖಾಯಂ ಮಾಡಿ."

"ಇವತ್ತು ಸೇರಿದವನನ್ನ ಇವತ್ತೇ ಹೇಗೆ ಮಾಡ್ಲಿ? ನಿಯಮ ನಿನಗೇ ಗೊತ್ತು, ಟೈಪು ಮಾಡಿದೋನು ನೀನೇ. ಮೂರು ವರ್ಷ ಅನ್ನೋದು ಹೀಗೆ ಬಂದು ಹಾಗೆ ಹೋಗುತ್ತೆ." ಅವರಿಗೂ ಯಾಕೋ ಅಯ್ಯೋ ಪಾಪ ಅನ್ನಿಸಿರಬೇಕು, ಅವನ ಬೆನ್ನು ತಟ್ಟಿದರು. "ಬೇಜಾರು ಮಾಡ್ಕೋಬೇಡ. ನಿನಗೆ ಒಂದು ಖಾಯಂ ವ್ಯವಸ್ಥೆ ಮಾಡಿದೀನಿ, ಮನೆಗೆ ಹೋಗ್ತಾ ಜೀಪಿನಲ್ಲಿ ಡ್ರೈವರು ಹೇಳ್ತಾನೆ."

ಮನೆಯ ಮುಂದೆ ಹೆಂಡತಿ ಪಾತ್ರೆ ಪಗಡೆಯನ್ನೆಲ್ಲ ಗಂಟು ಕಟ್ಟಿಕೊಂಡು ಕಾಯುತ್ತಿದ್ದಳು. ಪಕ್ಕದಲ್ಲಿ ಮಾಲೀಕ, ಕೈಯಲ್ಲಿ ಮಹಡಿಯ ಕೀಲಿ. ಟೆಂಪ್ರವರಿ ಕೊಟ್ಟ ನೇಮಕದ ಕಾಗದವನ್ನು ಮಾಲೀಕ ಹಿಂದೆ ಮುಂದೆ ತಿರುಗಿಸಿ ಓದಿದ.

"ಇದೇನ್ರೀ, ಇವತ್ತು ಸೇರಿದ ಹಾಗಿದೆ? ಅದೂ ತಾತ್ಕಾಲಿಕ!" ಎಂದವನೇ ಕೀಲಿಯನ್ನು ಜೇಬಿಗಿಳಿಸಿ ನಡೆದುಬಿಟ್ಟ.

ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಗಂಟು ಬಿಚ್ಚಿ ಪಾತ್ರೆಗಳನ್ನು ಇದ್ದ ಜಾಗದಲ್ಲೇ ಜೋಡಿಸಿದಳು. ಆಮೇಲೆ ಗಂಡನ ತೋಳು ನೋಡಿದಳು, ನಿಟ್ಟುಸಿರುಬಿಟ್ಟು ಉಳಿದ ಅರ್ಧ ಪರದೆ ತಂದು ಕತ್ತರಿ ಹಿಡಿದಳು.

"ಬಿಚ್ಚಿ ಕೊಡ್ರಿ ಇಲ್ಲಿ. ಕಿಟಕಿಯಂತೂ ಇಲ್ಲ, ಇದಕ್ಕಾದ್ರೂ ತೇಪೆ ಹಾಕ್ತೀನಿ."

ಅವನು ಅಂಗಿಯನ್ನು ಎದೆಗೆ ಅವುಚಿಕೊಂಡ.

"ಬೇಡ ಕಣೇ, ಹೊಲಿಬೇಡ. ಚಪ್ಪಲಿಯವನ ಜಾಗ ಖಾಲಿ ಆಯ್ತಲ್ಲ, ಇನ್ಮೇಲೆ ಎಲ್ಲ ಸಭೆಗೂ ಬಡವ ನಾನೇ ಅಂತೆ. ಈ ಅಂಗಿ ಹೀಗೇ ಇರ್ಬೇಕಂತೆ."

"ಅದಾದ್ರೂ ಎಷ್ಟು ದಿನಕ್ಕಂತೆ?"

"ಅದು ಖಾಯಂ," ಎಂದ ಟೆಂಪ್ರವರಿ.